ನಾನೇ ಬಿದ್ದೆ ಎಂದು ಬರೆಸಿದ್ದು

ನನ್ನ ಎಡಗಾಲಿನ ಮಂಡಿಚಿಪ್ಪು ಒಡೆದದ್ದು ಒಂದು ಬಿಳಿ ಕಾರಿನಿಂದ. ಆಸ್ಪತ್ರೆಯ ಕಾಗದ ತೆಗೆದು ನೋಡಿದರೆ ಅಲ್ಲಿ ಕಾರೇ ಇಲ್ಲ. ಬೈಕಿನಿಂದ ನಾನೇ ಬಿದ್ದೆ ಎಂದಿದೆ. ಹಾಗೆ ಬರೆಸಿದವನೂ ನಾನೇ, ಕೆಳಗೆ ಸಹಿ ಹಾಕಿದವನೂ ನಾನೇ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ ಎಂದು ಯೋಚಿಸುತ್ತಾ ಕೂತರೆ ಮೊದಲು ಕಣ್ಣಿಗೆ ಬೀಳುವುದು ಆ ಸಹಿ.

ನಾನು ಟೈಲ್ಸ್ ಮೇಸ್ತ್ರಿ. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಹನುಮಂತನಗರದ ಒಂದು ಮನೆಯಲ್ಲಿ ಮೊಸಾಯಿಕ್ ನೆಲ ಉಜ್ಜುವ ಮೆಷಿನ್ನಿಗೆ ನೀರು ಸುರಿಯುವುದರಿಂದ ನನ್ನ ಕೆಲಸ ಶುರುವಾಯಿತು. ಆಮೇಲೆ ರೆಡ್ ಆಕ್ಸೈಡ್ ಹೋಯಿತು, ಮೊಸಾಯಿಕ್ ಹೋಯಿತು, ಗ್ರಾನೈಟ್ ಬಂತು, ಕನ್ನಡಿಯ ಹಾಗೆ ಹೊಳೆಯುವ ದೊಡ್ಡ ದೊಡ್ಡ ಟೈಲ್ಸ್ ಬಂದವು. ಎಲ್ಲವನ್ನೂ ಕಲಿತೆ. ಯಾರೂ ಕೂರಿಸಿಕೊಂಡು ಕಲಿಸಲಿಲ್ಲ, ನೋಡಿ ಕಲಿತೆ. ಜಯನಗರ, ಜೆ.ಪಿ. ನಗರ, ಬನಶಂಕರಿ ಕಡೆಯ ಎಷ್ಟೋ ಮನೆಯವರು ಬೆಳಿಗ್ಗೆ ಎದ್ದು ಮೊದಲು ಕಾಲಿಡುವುದು ನಾನು ಕೂರಿಸಿದ ನೆಲದ ಮೇಲೆ. ಜಂಬಕ್ಕೆ ಹೇಳುತ್ತಿಲ್ಲ. ಜಂಬ ಅಂದುಕೊಂಡರೂ ಅಡ್ಡಿಯಿಲ್ಲ. ನಾನು ಹಾಕಿದ ನೆಲವನ್ನು ನಾಣ್ಯದಿಂದ ಬಡಿದು ನೋಡಿ, ಎಲ್ಲೂ ಟೊಳ್ಳು ಸದ್ದು ಬರುವುದಿಲ್ಲ. ಬಚ್ಚಲಿಗೆ ಒಂದು ಚೊಂಬು ನೀರು ಸುರಿದು ನೋಡಿ, ಒಂದು ಹನಿಯೂ ನಿಲ್ಲದೆ ತೂಬಿಗೆ ಓಡುತ್ತದೆ.

ಇದು ಪೂರ್ತಿ ಕುಕ್ಕರಗಾಲಿನ ಕೆಲಸ. ಬೆಳಿಗ್ಗೆ ಕೂತರೆ ಊಟಕ್ಕೆ ಏಳಬೇಕು, ಊಟವಾದ ಮೇಲೆ ಕೂತರೆ ಬೆಳಕು ಹೋದಾಗ ಏಳಬೇಕು. ಹಿಂದಕ್ಕೆ ಹಿಂದಕ್ಕೆ ಕಪ್ಪೆಯ ಹಾಗೆ ಸರಿಯುತ್ತಾ ಗಾರೆ ಹರಡಬೇಕು, ಟೈಲು ಇಡಬೇಕು, ರಬ್ಬರ್ ಸುತ್ತಿಗೆಯಲ್ಲಿ ತಟ್ಟಬೇಕು. ಕೈ ಯಾರದ್ದಾದರೂ ನಡೆಯುತ್ತದೆ. ಮಂಡಿ ಗಟ್ಟಿ ಇದ್ದವನೇ ಮೇಸ್ತ್ರಿಯಾಗುವುದು.

ನಮ್ಮ ಕಸುಬಿನಲ್ಲಿ ಕಾಗದ ಇಲ್ಲ. ಈಶಾನ್ಯ ಮೂಲೆಯಲ್ಲಿ ಮೊದಲ ಟೈಲು ಕೂರಿಸಿ, ಮನೆಯ ಹೆಂಗಸರು ಅದಕ್ಕೆ ಅರಿಶಿನ ಕುಂಕುಮ ಇಟ್ಟರೆ ಅದೇ ಅಗ್ರಿಮೆಂಟು. ಕೆಲಸ ಕೊಡುವವರನ್ನು ನಾವು ಪಾರ್ಟಿ ಅನ್ನುತ್ತೇವೆ. ಪಾರ್ಟಿಯ ಜೊತೆ ಜಗಳ ಆಡಬಾರದು. ಆಡಿದರೆ ಮುಂದಿನ ಬೀದಿಗೆ ಮೇಸ್ತ್ರಿಗಿಂತ ಮೊದಲು ಅವನ ಹೆಸರು ಹೋಗಿ ಕೆಟ್ಟಿರುತ್ತದೆ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತು.

ಅರೆಕೆರೆಯ ಯಜಮಾನರು ನನ್ನ ಹಳೆಯ ಪಾರ್ಟಿ. ಆ ಊರಿನ ಮೂಲದವರು. ಈಗ ಅಂಗಡಿಸಾಲು, ಬಾಡಿಗೆ ಮನೆಗಳು ಇರುವ ಕಡೆ ಅವರ ತಾತ ರಾಗಿ ಬಿತ್ತುತ್ತಿದ್ದರಂತೆ. ಅವರ ಮೂರು ಬಿಲ್ಡಿಂಗಿನ ನೆಲ ನನ್ನ ಕೈಯದು. ಮಾತು ಒರಟು, ಆದರೆ ಮಧ್ಯಾಹ್ನ ಮನೆಯಿಂದಲೇ ಮುದ್ದೆ ಸಾರು ಕಳಿಸುತ್ತಿದ್ದರು. ಒಮ್ಮೆ ಟೈಲ್ಸ್ ಆರಿಸಲು ಅವರ ಕಾರಿನಲ್ಲೇ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋಗಿ ವಾಪಸು ಬರುವಾಗ, ರಸ್ತೆಯ ಎಡಗಡೆಯ ಅಂಚಿನಲ್ಲಿದ್ದವರು ಸಡನ್ನಾಗಿ ಬಲಕ್ಕೆ, ಅವರ ಮನೆಯ ಕ್ರಾಸಿಗೆ ತಿರುಗಿಸಿಬಿಟ್ಟರು. ಹಿಂದೆ ಬರುತ್ತಿದ್ದ ಆಟೋದವನು ಬ್ರೇಕ್ ಹಾಕಿ, ತಾಯಿ ತಂದೆಯನ್ನೆಲ್ಲ ನೆನೆಸಿಕೊಂಡು ಬೈದ.

ನಾನು ಅಂದೆ, "ಯಜಮಾನ್ರೆ, ಇಂಡಿಕೇಟರ್ ಹಾಕ್ಬಾರ್ದಾ?"

"ಏ ಹೋಗಯ್ಯ ಮೇಸ್ತ್ರಿ. ಇದು ನಮ್ ಹೊಲ ಕಣಯ್ಯ. ಹೊಲದಲ್ಲಿ ಎತ್ತು ತಿರುಗ್ಸೋಕೆ ಯಾವನಾದ್ರೂ ಇಂಡಿಕೇಟರ್ ಹಾಕ್ತಾನಾ?"

ಅವರು ನಕ್ಕರು. ನಾನೂ ನಕ್ಕೆ. ಚೆನ್ನಾಗಿಯೇ ನಕ್ಕೆ. ಆ ನಗು ಈಗ ನೆನಪಾದರೆ ಮಂಡಿ ನೋಯುತ್ತದೆ.

ಅದಾಗಿ ಒಂದು ವರ್ಷವೂ ಆಗಿರಲಿಲ್ಲ. ಬೆಳಿಗ್ಗೆ ಒಂಬತ್ತೂವರೆ ಇರಬಹುದು. ಬನಶಂಕರಿಯ ನಮ್ಮ ಮನೆಯಿಂದ ಅರೆಕೆರೆಗೆ, ಅದೇ ಯಜಮಾನರ ನಾಲ್ಕನೇ ಬಿಲ್ಡಿಂಗಿನ ಅಳತೆ ತೆಗೆಯಲು ಬೈಕಿನಲ್ಲಿ ಹೋಗುತ್ತಿದ್ದೆ. ಹೆಲ್ಮೆಟ್ ಹಾಕಿದ್ದೆ. ಲೈಸೆನ್ಸ್ ಇತ್ತು, ಇನ್ಶೂರೆನ್ಸ್ ಇತ್ತು, ಹೊಗೆ ತಪಾಸಣೆಯ ಚೀಟಿಯೂ ಇತ್ತು. ಎಲ್ಲ ಕಾಗದವೂ ಸರಿಯಾಗಿದ್ದವು. ಕೆಟ್ಟದ್ದು ಬಾಯಿ ಒಂದೇ, ಅದು ಆಮೇಲೆ.

ಮುಂದೆ ಒಂದು ಬಿಳಿ ಕಾರು ಎಡಗಡೆಯ ಅಂಚಿನಲ್ಲಿ ನಿಧಾನವಾಗಿ ಹೋಗುತ್ತಿತ್ತು, ಇನ್ನೇನು ನಿಲ್ಲಿಸುತ್ತಾರೆ ಅನ್ನುವ ಹಾಗೆ. ನಾನು ಹಾರ್ನ್ ಹೊಡೆದು ಬಲಗಡೆಯಿಂದ ದಾಟಲು ಹೊರಟೆ. ಕಾರಿನ ಪಕ್ಕಕ್ಕೆ ಬರುವಷ್ಟರಲ್ಲಿ ಅದು ನನ್ನ ಕಡೆಗೇ ತಿರುಗಿತು. ದೀಪವಿಲ್ಲ, ಕೈಯಿಲ್ಲ. ಮುಂದಿನ ಬಂಪರ್ ನೇರವಾಗಿ ನನ್ನ ಎಡಮಂಡಿಗೆ ಬಂತು. ಟೈಲ್ಸ್ ಕೈಜಾರಿ ಬಿದ್ದರೆ ಬರುವ ಸದ್ದು ನನಗೆ ಚೆನ್ನಾಗಿ ಗೊತ್ತು. ಅದೇ ಸದ್ದು ಕೇಳಿಸಿತು. ಚೀಲದಲ್ಲಿದ್ದ ಸ್ಯಾಂಪಲ್ ಟೈಲು ಒಡೆಯಿತು ಅಂದುಕೊಂಡೆ. ಆಮೇಲೆ ನೋಡಿದರೆ ಸ್ಯಾಂಪಲ್ ಹಾಗೇ ಇತ್ತು.

ಕಾರಿನಿಂದ ಇಳಿದವರು ಯಜಮಾನರು.

"ಅಯ್ಯೋ ಮೇಸ್ತ್ರಿ, ನೀನಾ? ನೋಡ್ಕೊಂಡ್ ಬರ್ಬಾರ್ದೇನಯ್ಯಾ?"

ಅವರೇ ನನ್ನನ್ನು ಎತ್ತಿದರು. ಅದನ್ನು ಇಲ್ಲ ಅನ್ನಲಾರೆ. ಕ್ರಾಸಿನ ಮೂಲೆಯಲ್ಲಿ ಖಾನಾವಳಿ ಇಟ್ಟಿದ್ದ ಬಿಜಾಪುರದ ಕಡೆಯ ಅಕ್ಕ ಒಲೆ ಬಿಟ್ಟು ಓಡಿ ಬಂದು ನೀರು ಕುಡಿಸಿದಳು. ಕಾರಿನ ಹಿಂದಿನ ಸೀಟಿಗೆ ಯಜಮಾನರು ನ್ಯೂಸ್ ಪೇಪರ್ ಹರಡಿ ಅದರ ಮೇಲೆ ನನ್ನ ಕಾಲು ಇಡಿಸಿದರು. ಆಸ್ಪತ್ರೆಯ ದಾರಿಯುದ್ದಕ್ಕೂ ಕನ್ನಡಿಯಲ್ಲಿ ನನ್ನನ್ನು ನೋಡುತ್ತಾ ಮಾತಾಡಿದರು.

"ಮೇಸ್ತ್ರಿ, ಅಲ್ಲಿ ಹೆಂಗಾಯ್ತು ಅಂತ ಕೇಳ್ತಾರೆ. ಸ್ಕಿಡ್ ಆಗಿ ಬಿದ್ದೆ ಅಂದ್ಬಿಡು. ಕಾರು ಗೀರು ಅಂದ್ರೆ ಪೊಲೀಸ್ ಬರ್ತಾರೆ. ನನ್ ಕಾರೂ ಸ್ಟೇಷನ್ ಮುಂದೆ ನಿಲ್ಲುತ್ತೆ, ನಿನ್ ಗಾಡೀನೂ ನಿಲ್ಲುತ್ತೆ. ಗಾಡಿ ಇಲ್ದೆ ನೀನ್ ಕೆಲಸಕ್ಕೆ ಹೆಂಗ್ ಹೋಗ್ತೀಯ?"

ಅದು ನಿಜವೆನ್ನಿಸಿತು. ಸ್ಟೇಷನ್ನಿನ ಮುಂದೆ ಧೂಳು ತಿನ್ನುತ್ತಾ, ಟೈರು ಇಳಿದು ನಿಂತಿರುವ ಬೈಕುಗಳನ್ನು ದಿನಾ ನೋಡುತ್ತೇವಲ್ಲ. ಕೇಸಾದರೆ ನನ್ನ ಕಾಲಿನ ದೊಡ್ಡ ಖರ್ಚು ಅವರ ತಲೆ ಮೇಲೆ ಬೀಳುತ್ತದೆ, ಪಾಪ, ಎಂದೂ ಅನ್ನಿಸಿತು.

"ನಾಕನೇ ಬಿಲ್ಡಿಂಗು ಪೂರ್ತಿ ನಿಂದೇ. ನನ್ ಮಾತು ಗೊತ್ತಲ್ಲ ನಿಂಗೆ."

"ಗೊತ್ತು ಯಜಮಾನ್ರೆ," ಅಂದೆ.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕೇಳಿದರು, "ಏನಾಯ್ತು ಅಂಕಲ್? ಯಾವ್ದಾದ್ರೂ ಗಾಡಿ ಹೊಡೀತಾ?"

"ಇಲ್ಲಮ್ಮ. ಸ್ಕಿಡ್ ಆಯ್ತು. ನಾನೇ ಬಿದ್ದೆ."

ಅವರು ನನ್ನ ಮಂಡಿ ನೋಡಿದರು, ನನ್ನ ಮುಖ ನೋಡಿದರು, ಪಕ್ಕದಲ್ಲಿ ನಿಂತಿದ್ದ ಯಜಮಾನರನ್ನು ನೋಡಿದರು. "ಸರಿಯಾಗಿ ಯೋಚ್ನೆ ಮಾಡಿ ಹೇಳಿ. ಇದು ರೆಕಾರ್ಡ್ ಆಗುತ್ತೆ," ಅಂದರು.

"ನಾನೇ ಬಿದ್ದೆ ಅಂತ ಬರ್ಕೊಳ್ಳಿ ತಾಯಿ."

ಇಂಗ್ಲಿಷಿನಲ್ಲಿ ಬರೆದುಕೊಂಡರು. ಪಕ್ಕದ ನರ್ಸು ಹೆಬ್ಬೆಟ್ಟಿನ ಶಾಯಿ ಡಬ್ಬಿ ಮುಂದೆ ತಳ್ಳಿದಳು. ಅದು ನನಗೆ ಚುಚ್ಚಿತು. ಬಟ್ಟೆಯ ಮೇಲೆ ಸಿಮೆಂಟ್ ಇದ್ದರೆ ಹೆಬ್ಬೆಟ್ಟು ಅಂತಲೇ ಲೆಕ್ಕ. ಪೆನ್ನು ಈಸಿಕೊಂಡು, ಅಷ್ಟು ನೋವಿನಲ್ಲೂ, ಕನ್ನಡದಲ್ಲಿ ದುಂಡಗೆ ಪೂರ್ತಿ ಹೆಸರು ಬರೆದು ಕೆಳಗೆ ಗೆರೆ ಎಳೆದೆ.

ಮಂಡಿಗೆ ತಂತಿ ಹಾಕಿ ಬಿಗಿದರು, ಕೆಳಗಿನ ಮೂಳೆಗೆ ಪ್ಲೇಟು ಕೂರಿಸಿದರು. ಹಾಸಿಗೆಯ ಮೇಲೆ ಎರಡು ತಿಂಗಳು. ನನ್ನ ಹೆಂಡತಿ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಟೈಲರ್. ಅವಳು ಬೆಳಿಗ್ಗೆ ಎದ್ದು ನನ್ನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಬಂದು, ತಿಂಡಿ ಪಕ್ಕದಲ್ಲಿಟ್ಟು, ಫ್ಯಾಕ್ಟರಿಗೆ ಹೋಗುತ್ತಿದ್ದಳು. ಮೊದಲ ಒಂದು ವಾರ ಅವಳಿಗೂ ನಾನು ಸ್ಕಿಡ್ ಎಂದೇ ಹೇಳಿದ್ದೆ. ಯಜಮಾನರ ಮನೆಯವರು ಹಣ್ಣಿನ ಚೀಲ, ಒಂದು ಕವರು ಹಿಡಿದುಕೊಂಡು ನೋಡಲು ಬಂದ ದಿನ ಅವಳಿಗೆ ಅನುಮಾನ ಬಂತು. ಹಣ್ಣು ಇಟ್ಟುಕೊಂಡು ಕವರನ್ನು ನಾನು ವಾಪಸು ಕೊಟ್ಟೆ. "ದುಡ್ಡು ಬೇಡಮ್ಮ. ಯಜಮಾನ್ರಿಗೆ ಹೇಳಿ, ಕೆಲಸ ಇಟ್ಟಿರ್ಲಿ. ಬಂದು ಮಾಡ್ತೀನಿ," ಅಂದೆ.

ಅವರು ಹೋದ ಮೇಲೆ ಹೆಂಡತಿ ಬಾಗಿಲು ಹಾಕಿಕೊಂಡು ಬಂದು ಎದುರಿಗೆ ಕೂತಳು.

"ತಾನಾಗ್ ಬಿದ್ದೋನಿಗೆ ಅವ್ರ್ ಯಾಕ್ರೀ ಕವರ್ ತರ್ತಾರೆ?"

ಹೇಳಿದೆ. ಅವಳು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

"ನಮ್ ಫ್ಯಾಕ್ಟರೀಲಿ ಬೆರಳಿಗೆ ಸೂಜಿ ಚುಚ್ಚಿದ್ರೂ ರಿಜಿಸ್ಟರಲ್ಲಿ ಬರೆಸ್ತೀವಿ. ಸೂಪರ್ವೈಸರ್ ಬಯ್ದ್ರೂ ಬಿಡಲ್ಲ, ಬರೆಸ್ತೀವಿ. ನಾಳೆ ಬೆರಳು ಊದ್ಕೊಂಡ್ರೆ ಅದೇ ಕಾಯೋದು. ನೀವು ಮಂಡಿ ಒಡ್ಸ್ಕೊಂಡು ಬಾಯಿಗೆ ಗಾರೆ ತುಂಬ್ಕೊಂಡ್ ಬಂದ್ರಲ್ಲ!"

"ಮಾತು ಕೊಟ್ಟಿದಾರೆ ಕಣೇ."

"ಮಾತಿನ ಮೇಲೆ ಕುಕ್ಕರಗಾಲಲ್ಲಿ ಕೂರಕ್ಕಾಗುತ್ತಾ?"

ಹೆಂಗಸರಿಗೆ ಪಾರ್ಟಿ ವ್ಯವಹಾರ ಅರ್ಥವಾಗುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡು ಗೋಡೆಯ ಕಡೆ ತಿರುಗಿದೆ. ನನ್ನ ದಡ್ಡತನಗಳಲ್ಲಿ ಅದೂ ಒಂದು.

ನಾಲ್ಕು ತಿಂಗಳಾದ ಮೇಲೆ ಕೋಲು ಹಿಡಿದುಕೊಂಡು, ಬಸ್ಸು ಬದಲಿಸಿಕೊಂಡು ಅರೆಕೆರೆಗೆ ಹೋದೆ. ನಾಲ್ಕನೇ ಬಿಲ್ಡಿಂಗು ಮೇಲೆದ್ದು ನಿಂತಿತ್ತು. ಮೆಟ್ಟಿಲು ಹತ್ತುವಾಗಲೇ ರಬ್ಬರ್ ಸುತ್ತಿಗೆಯ ಸದ್ದು ಕೇಳಿತು. ಬೇರೆ ಯಾರೋ ಮೇಸ್ತ್ರಿಯ ತಂಡ ಹಾಲಿನಲ್ಲಿ ನೆಲ ಹಾಕುತ್ತಿತ್ತು. ಅರ್ಧ ಹಾಲು ಆಗಲೇ ಮುಗಿದಿತ್ತು. ಯಜಮಾನರು ಕಿಟಕಿಯ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು.

"ಬಾ ಮೇಸ್ತ್ರಿ ಬಾ. ಹೆಂಗಿದೆ ಕಾಲು?"

"ಇದು ನನ್ ಕೆಲಸ ಅಂದಿದ್ರಿ ಯಜಮಾನ್ರೆ."

"ಅಂದಿದ್ದೆ. ಈಗ್ಲೂ ಇಲ್ಲ ಅನ್ನಲ್ಲ. ಎಲ್ಲಿ, ಕೂತ್ಕೊಂಡ್ ತೋರ್ಸು. ಮಿಕ್ಕ ಅರ್ಧ ನಿಂದೇ."

ಆ ತಂಡದವರೆಲ್ಲ ಸುತ್ತಿಗೆ ನಿಲ್ಲಿಸಿ ನನ್ನನ್ನೇ ನೋಡಿದರು. ಸುಮ್ಮನೆ ವಾಪಸು ಬರಬಹುದಿತ್ತು. ಬರಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿ, ಲುಂಗಿ ಎತ್ತಿ ಕಟ್ಟಿಕೊಂಡು, ಜೀವನಪೂರ್ತಿ ಕೂತ ಹಾಗೆ ಕೂರಲು ಹೋದೆ. ಬಲಗಾಲು ಮಡಚಿತು. ಎಡಗಾಲು ಕುರ್ಚಿಯಲ್ಲಿ ಕೂರುವಷ್ಟು ಬಗ್ಗಿ, ಆಮೇಲೆ ಕಬ್ಬಿಣದ ಸರಳಿನ ಹಾಗೆ ನಿಂತುಬಿಟ್ಟಿತು. ಜೋರು ಮಾಡಿದೆ. ಆಯ ತಪ್ಪಿ, ಹಸಿ ಗಾರೆಯ ಮೇಲೆ ಎರಡೂ ಅಂಗೈ ಊರಿ ಬಿದ್ದೆ. ಆ ಮೇಸ್ತ್ರಿ ಎದ್ದು ಬಂದು ತೋಳು ಹಿಡಿದು ಎಬ್ಬಿಸಿದ. "ಬಿಡಣ್ಣ, ಪರ್ವಾಗಿಲ್ಲ, ಮತ್ತೆ ಸಮ ಮಾಡ್ಕೋತೀನಿ," ಅಂದ. ಪಾಪ, ಅವನು ಗಾರೆಯ ಮಾತು ಆಡಿದ್ದು.

ಯಜಮಾನರು ಅಂದರು, "ನೋಡಿದ್ಯಾ? ನಾನ್ ಮಾತು ತಪ್ಪಿಲ್ಲಪ್ಪ. ನಿನ್ ಕಾಲು ತಪ್ತು."

ಅದೇ ವಾರ ಹೆಂಡತಿ ನನ್ನನ್ನು ಜಯನಗರದ ಒಬ್ಬ ಲಾಯರಮ್ಮನ ಹತ್ತಿರ ಕರೆದುಕೊಂಡು ಹೋದಳು. ಅವಳ ಜೊತೆ ಕೆಲಸ ಮಾಡುವವಳ ಕೇಸನ್ನು ಅವರು ನಡೆಸಿಕೊಟ್ಟಿದ್ದರಂತೆ. ಬೇಕರಿಯ ಮೇಲಿನ ಮಹಡಿಯ ಸಣ್ಣ ಆಫೀಸು. ಒಳಗೆ ಕಾಲಿಟ್ಟ ಕೂಡಲೇ ಕೋಲಿನ ತುದಿಗೆ ನೆಲ ಟೊಳ್ಳೆಂದು ತಿಳಿಯಿತು. ಹೇಳಲಿಲ್ಲ. ಅವರು ಎಲ್ಲ ಕಾಗದ ಓದಿ, ಕನ್ನಡಕ ತೆಗೆದು ಕೇಳಿದರು.

"ಅವತ್ತೇ ಯಾಕೆ ಕಂಪ್ಲೇಂಟ್ ಕೊಡ್ಲಿಲ್ಲ?"

"ಅವರಿಗೆ ತೊಂದ್ರೆ ಆಗ್ಬಾರ್ದು ಅಂತ ಮೇಡಂ. ದೊಡ್ಡ ಖರ್ಚು ಅವರ ತಲೆ ಮೇಲೆ ಬೀಳುತ್ತಲ್ಲ."

"ಅವರ ತಲೆ ಮೇಲೆ ಯಾಕೆ ಬೀಳುತ್ತೆ? ಕಾರಿಗೆ ಇನ್ಶೂರೆನ್ಸ್ ಇಲ್ವಾ?"

ಇತ್ತು. ಅವರೇ ಎಷ್ಟೋ ಸಲ ಹೇಳಿಕೊಂಡಿದ್ದರು.

"ಹಾಗಿದ್ರೆ ಪರಿಹಾರ ಕೊಡೋದು ಇನ್ಶೂರೆನ್ಸ್ ಕಂಪನಿ, ಮೇಸ್ತ್ರಿ. ಬೇರೆಯವರಿಗೆ ಪೆಟ್ಟಾದ್ರೆ ಕೊಡೋಕೇ ಆ ಇನ್ಶೂರೆನ್ಸ್ ಮಾಡ್ಸಿರೋದು. ಅವರ ಮೇಲೆ ಪೊಲೀಸ್ ಕೇಸ್ ಆಗ್ತಿತ್ತು ನಿಜ. ಹೆಚ್ಚು ಕಮ್ಮಿ ಒಂದು ದಂಡ ಕಟ್ಟಿ ಬರ್ತಿದ್ರು. ಕಾರನ್ನೂ ತಪಾಸಣೆ ಮಾಡಿ ಬಿಡ್ತಿದ್ರು, ನಿಮ್ಮ ಬೈಕನ್ನೂ ಬಿಡ್ತಿದ್ರು. ನಿಮಗೆ ಆಪರೇಷನ್ ಖರ್ಚು, ಹೋದ ಸಂಪಾದನೆ, ಮುಂದೆ ಆಗದೇ ಇರೋ ಕೆಲಸಕ್ಕೂ ಪರಿಹಾರ ಕೇಳ್ಬಹುದಿತ್ತು."

ನಾನು ಹೆಂಡತಿಯ ಮುಖ ನೋಡಲಿಲ್ಲ. ನೋಡಬೇಕಾದ ಅಗತ್ಯವೇ ಇರಲಿಲ್ಲ. ಯಾವ ಹೊರೆಯಿಂದ ಅವರನ್ನು ಕಾಪಾಡುತ್ತಿದ್ದೇನೆ ಎಂದು ಬೀಗಿ ಸಹಿ ಹಾಕಿದ್ದೆನೋ, ಆ ಹೊರೆ ಅವರ ಮೇಲೆ ಇರಲೇ ಇಲ್ಲ. ಅವರಿಗೂ ಅದು ಗೊತ್ತಿರಲಿಲ್ಲ ಅಂತ ಕಾಣುತ್ತದೆ. ಇಬ್ಬರು ದಡ್ಡರು ಒಂದು ಕಾರಿನಲ್ಲಿ ಕೂತು ಒಬ್ಬನ ಮಂಡಿಯನ್ನು ಸುಮ್ಮನೆ ದಾನ ಮಾಡಿದ್ದೆವು.

ಅಪಘಾತವಾಗಿ ಆರು ತಿಂಗಳೊಳಗೆ ಕ್ಲೇಮು ಹಾಕಬೇಕು, ಇನ್ನೂ ದಿನ ಇದೆ ಎಂದು ಲಾಯರಮ್ಮ ಓಡಾಡಿದರು. ಮೊದಲು ಪೊಲೀಸ್ ಕಂಪ್ಲೇಂಟು. ಸ್ಟೇಷನ್ನಿನ ಸಾಹೇಬರು ನನ್ನ ಕಾಗದ ತಿರುಗಿಸಿ ಮುರುಗಿಸಿ ನೋಡಿ ನಕ್ಕರು. "ನಾಕ್ ತಿಂಗಳಾದ್ಮೇಲೆ ಕಾರು ನೆನಪಾಯ್ತೇನಪ್ಪ?" ಲಾಯರಮ್ಮ ಪಟ್ಟು ಹಿಡಿದ ಮೇಲೆ ಬರೆದುಕೊಂಡರು. ಪೊಲೀಸರು ವಿಚಾರಣೆಗೆ ಹೋದರೆ ಉಳಿದದ್ದಾದರೂ ಏನು? ಕಾರಿನ ಬಂಪರಿಗೆ ಅಪಘಾತವಾದ ವಾರವೇ ಹೊಸ ಪೇಂಟು ಬಿದ್ದಿತ್ತು. ಎದುರಿನ ಚಿನ್ನದಂಗಡಿಯ ಕ್ಯಾಮೆರಾದಲ್ಲಿ ಕೆಲವೇ ದಿನದ್ದು ಉಳಿಯುತ್ತದಂತೆ, ಹಳೆಯದೆಲ್ಲ ಅಳಿಸಿಹೋಗಿತ್ತು. ಉಳಿದವಳು ಖಾನಾವಳಿಯ ಅಕ್ಕ ಒಬ್ಬಳು.

ನಾನೇ ಅವಳ ಹತ್ತಿರ ಹೋದೆ. ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ನೋಡಿ ಕೈ ನಿಧಾನವಾಯಿತು.

"ನಾ ನೋಡೀನ್ರಿ ಅಣ್ಣಾರ. ಕಾರ್ ತಿರಗಿದ್ದೂ ನೋಡೀನಿ, ನಿಮಗ ಬಡದದ್ದೂ ನೋಡೀನಿ. ಆದ್ರ ಹೇಳಂಗಿಲ್ರಿ."

"ಯಾಕಕ್ಕ?"

"ಈ ಅಂಗಡಿ ಅವರದ. ಮ್ಯಾಗ ನಾವು ಮಲಗೋ ಖೋಲಿ ಅವರದ. ಊರು ಬಿಟ್ಟು ಬಂದು ಇಲ್ಲೊಂದು ಒಲಿ ಹಚ್ಚಬೇಕಾದ್ರ ನಾಕು ವರ್ಷ ಹಿಡೀತ್ರಿ." ರೊಟ್ಟಿಯನ್ನು ತವೆಗೆ ಹಾಕಿ, ನನ್ನ ಮುಖ ನೋಡದೆ ಅಂದಳು, "ಮಂಡಿ ಒಡದದ್ದು ನಿಮ್ದು. ನೀವ ಹೇಳಲಿಲ್ಲ. ನಾ ಹ್ಯಾಂಗ ಹೇಳ್ಲಿ?"

ಬೇಡವೆಂದರೂ ಎರಡು ರೊಟ್ಟಿ, ಎಣಗಾಯಿ ಹಾಕಿಕೊಟ್ಟಳು. ದುಡ್ಡು ಮುಟ್ಟಲಿಲ್ಲ. ಅವಳಿಂದ ಸಿಕ್ಕ ಸಾಕ್ಷಿ ಅಷ್ಟೇ. ಪೊಲೀಸರು ಕೇಳಿದಾಗ ಒಲೆಯ ಹೊಗೆಯಲ್ಲಿ ಏನೂ ಕಾಣಲಿಲ್ಲ ಎಂದಳಂತೆ. ಪುರಾವೆ ಇಲ್ಲ ಎಂದು ಅವರು ಕಡತ ಮುಚ್ಚಿದರು. ಅವಳ ಮೇಲೆ ನನಗೆ ಸಿಟ್ಟಿಲ್ಲ. ನಾನು ಉಳಿಸಿಕೊಳ್ಳಲು ಹೋದದ್ದನ್ನೇ ಅವಳೂ ಉಳಿಸಿಕೊಂಡಳು, ಅವಳಿಗೆ ದಕ್ಕಿತು.

ಆದರೂ ಲಾಯರಮ್ಮ ಗಡುವಿನೊಳಗೆ ಕ್ಲೇಮು ಹಾಕಿದರು. ಆ ಕೋರ್ಟಿಗೆ ಎರಡು ವರ್ಷ ಅಲೆದೆವು. ಹೆಂಡತಿ ಅಷ್ಟರಲ್ಲಿ ಸ್ಕೂಟರ್ ಓಡಿಸುವುದು ಕಲಿತಿದ್ದಳು. ನಾನು ಹಿಂದೆ ಎಡಗಾಲು ಚಾಚಿಕೊಂಡು ಕೂರುತ್ತಿದ್ದೆ. ಅವಳು ಇಂಡಿಕೇಟರ್ ಹಾಕಿದರೂ ನಾನು ಹಿಂದಿನಿಂದ ಕೈ ಚಾಚುತ್ತಿದ್ದೆ. "ನಂಗ್ ಗೊತ್ತಿಲ್ವಾ? ಕೈ ಒಳಗಿಟ್ಕೊಳ್ರಿ, ಬಸ್ ಬಂದ್ರೆ ಅದೂ ಹೋಗುತ್ತೆ," ಎಂದು ಗದರುತ್ತಿದ್ದಳು. ಕೈ ತಾನಾಗಿಯೇ ಹೋಗುತ್ತಿತ್ತು. ಈಗಲೂ ಹೋಗುತ್ತದೆ.

ನನ್ನ ಸಾಕ್ಷಿಯ ಹಿಂದಿನ ದಿನ ಲಾಯರಮ್ಮ ಕರೆಸಿಕೊಂಡು ಹೇಳಿದರು, "ಇಡೀ ಕೇಸು ಆಸ್ಪತ್ರೆ ಕಾಗದದ ಮೇಲೆ ನಿಂತಿದೆ. ನಾಳೆ ಅವರ ಲಾಯರ್ ಅದನ್ನೇ ಹಿಡೀತಾರೆ. ಅಷ್ಟು ನೋವಲ್ಲಿ ನಿಮಗೆ ಸರಿಯಾಗಿ ಪ್ರಜ್ಞೆ ಇರಲಿಲ್ಲ, ಏನು ಹೇಳಿದ್ರೋ ನೆನಪಿಲ್ಲ. ಹೌದೋ ಅಲ್ವೋ?"

ಪ್ರಜ್ಞೆ ಇತ್ತು ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹೆಂಡತಿ ನನ್ನ ಬದಲು ಉತ್ತರ ಕೊಟ್ಟಳು. "ಹಾಗೇ ಹೇಳ್ತಾರೆ ಮೇಡಂ."

ನಾನೂ ಹಾಗೇ ಹೇಳಬೇಕೆಂದೇ ಕಟಕಟೆ ಹತ್ತಿದೆ. ಒಂದು ಸುಳ್ಳು ಬೇರೆಯವರಿಗಾಗಿ ಹೇಳಿದ್ದಾಗಿತ್ತು, ಇನ್ನೊಂದು ನನಗಾಗಿ ಹೇಳಿದರೆ ತಪ್ಪೇನು? ಇನ್ಶೂರೆನ್ಸ್ ಕಡೆಯ ಲಾಯರು ವಯಸ್ಸಾದವರು, ಜೋರು ಮಾಡುವವರಲ್ಲ. ಆ ಕಾಗದವನ್ನು ನನ್ನ ಕೈಗೇ ಕೊಟ್ಟರು.

"ಕೆಳಗಿರೋ ಸಹಿ ಯಾರದ್ದು ಮೇಸ್ತ್ರಿ?"

ನೋಡಿದೆ. ಅಕ್ಷರ ಒಂದೂ ಓರೆಯಾಗಿರಲಿಲ್ಲ. ಅಡಿಗೆರೆಯಂತೂ ದಾರ ಹಿಡಿದು ಎಳೆದ ಹಾಗೆ ನೇರವಾಗಿತ್ತು.

"ನಂದೇ."

"ಎಷ್ಟು ದುಂಡಗಿದೆ. ಪ್ರಜ್ಞೆ ಇಲ್ಲದವರು ಹೀಗೆ ಬರೀತಾರಾ?"

ನೆನಪಿಲ್ಲ ಅನ್ನುವ ಒಂದು ಮಾತು ಸಾಕಿತ್ತು. ಆ ಸಹಿಯನ್ನು ಕೈಯಲ್ಲಿ ಹಿಡಿದುಕೊಂಡು ಅದು ಪ್ರಜ್ಞೆ ಇಲ್ಲದವನ ಕೈ ಅನ್ನಲು ನನ್ನಿಂದ ಆಗಲಿಲ್ಲ. ನಾನೇನು ಸತ್ಯಹರಿಶ್ಚಂದ್ರನಲ್ಲ. ಜೀವನದಲ್ಲಿ ಹೆಬ್ಬೆಟ್ಟು ಒತ್ತದವನು ನಾನು, ಅಷ್ಟೇ.

"ಪ್ರಜ್ಞೆ ಇತ್ತು ಸಾರ್. ನಾನೇ ಬಿದ್ದೆ ಅಂತ ಹೇಳಿದ್ದೂ ನಾನೇ. ಹೇಳ್ಸಿದ್ದು ಅವರು, ದಾರೀಲಿ, ಕಾರಲ್ಲಿ ಕೂತ್ಕೊಂಡು..."

"ಕೇಳಿದ್ದಕ್ಕೆ ಮಾತ್ರ ಹೇಳಿ," ಅಂದರು ಲಾಯರು. ಜಡ್ಜ್ ಸಾಹೇಬರು ಇಂಗ್ಲಿಷಿನಲ್ಲಿ ಏನೋ ಹೇಳಿದರು, ಪಕ್ಕದವರು ಟೈಪ್ ಮಾಡಿದರು. ಮೊದಲ ಎರಡು ಮಾತು ಟೈಪಾಯಿತು, ಮೂರನೆಯದು ಆಗಲಿಲ್ಲ ಎಂದು ಆಮೇಲೆ ಲಾಯರಮ್ಮ ಹೇಳಿದರು. ಬೆಂಚಿನಲ್ಲಿ ಕೂತಿದ್ದ ಹೆಂಡತಿ ಸೆರಗು ಬಾಯಿಗೆ ಹಿಡಿದುಕೊಂಡಳು.

ಯಜಮಾನರನ್ನೂ ಕರೆಸಿದ್ದರು. ಬಿಳಿ ಷರ್ಟು, ಹಣೆಗೆ ವಿಭೂತಿ. "ಅವರು ಬಿದ್ದಿದ್ರು ಸ್ವಾಮಿ. ನಾನೇ ಎತ್ತಿ ಆಸ್ಪತ್ರೆಗೆ ಸೇರಿಸ್ದೆ," ಅಂದರು. ನಿಮ್ಮ ಕಾರು ತಗುಲಿತೇ ಎಂದು ಲಾಯರಮ್ಮ ಕೇಳಿದ್ದಕ್ಕೆ, "ನಂಗೆ ಹಾಗೆ ಅನ್ನಿಸ್ಲಿಲ್ಲ," ಅಂದರು. ತಿರುಗುವಾಗ ಇಂಡಿಕೇಟರ್ ಹಾಕಿದ್ದಿರಾ ಎಂದದ್ದಕ್ಕೆ, "ಯಾವಾಗ್ಲೂ ಹಾಕ್ತೀನಿ," ಅಂದರು. ಆ ಮಾತಿಗೆ ಮಾತ್ರ ನನಗೆ ಕೋರ್ಟಿನಲ್ಲೇ ನಗು ಬಂತು. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ.

ಹೊರಗೆ ವರಾಂಡದಲ್ಲಿ ಅವರು ನನ್ನ ಹತ್ತಿರ ಬಂದರು. ಸಿಟ್ಟಿರಲಿಲ್ಲ, ನಾಚಿಕೆಯೂ ಇರಲಿಲ್ಲ.

"ನನ್ ಮೇಲೆ ಕೇಸ್ ಹಾಕ್ದೆ, ಹೋಗ್ಲಿ. ಆದ್ರೆ ಒಂದ್ ತಿಳ್ಕೋ. ಆಸ್ಪತ್ರೇಲಿ ಸುಳ್ಳು ಬರೆಸಿದ್ದು ನೀನು ಕಣಯ್ಯ, ನಾನಲ್ಲ."

ನನ್ನ ಹೆಂಡತಿ ಅಂದಳು, "ಅದ್ಕೇ ನಿಮ್ ಕಾಲು ಚೆನ್ನಾಗಿದೆ ಯಜಮಾನ್ರೆ. ಮೆಟ್ಲು ಹುಷಾರಾಗಿ ಇಳೀರಿ."

ಅವರು ಅವಳ ಕಡೆ ನೋಡದೆ ನನಗೇ ಹೇಳಿದರು. "ಐದನೇದು ಶುರು ಮಾಡ್ತಾ ಇದೀನಿ. ಬಾ. ನೀನ್ ಕೂರೋದ್ ಬೇಡ, ನಿಂತ್ಕೊಂಡು ನೋಡ್ಕೊ. ಹಳೇ ಮನುಷ್ಯ ಅಂತ ಕೊಡ್ತೀನಿ."

ಬಾಡಿಗೆ ಬಾಕಿಯಿತ್ತು. ಹೆಂಡತಿಗೆ ಓವರ್ ಟೈಮು ಮಾಡಿ ಮಾಡಿ ಕಣ್ಣು ಮಂಜಾಗುತ್ತಿತ್ತು. ಆದರೂ ತಿರುಗಿ ನೋಡದೆ ಮೆಟ್ಟಿಲು ಇಳಿದೆ, ಒಂದೊಂದೇ ಮೆಟ್ಟಿಲು, ಮೊದಲು ಎಡಗಾಲು, ಆಮೇಲೆ ಬಲಗಾಲು.

ಅರ್ಜಿ ವಜಾ ಆಯಿತು. ಗಾಯವಾದ ಕೂಡಲೇ, ಪೂರ್ತಿ ಎಚ್ಚರದಲ್ಲಿ, ಅರ್ಜಿದಾರರೇ ಹೇಳಿ ಸಹಿ ಹಾಕಿದ ಮಾತನ್ನು ನಂಬದಿರಲು ಕಾರಣವಿಲ್ಲ ಎಂದು ಬರೆದಿದ್ದರಂತೆ. ಹೈಕೋರ್ಟಿಗೆ ಹೋಗೋಣ ಎಂದು ಲಾಯರಮ್ಮ ಹೇಳಿದ್ದಾರೆ. ಕಾಗದಗಳು ಅವರ ಆಫೀಸಿನಲ್ಲೇ ಇವೆ. ಹೋದ ತಿಂಗಳು ಅಲ್ಲಿಗೆ ಹೋದಾಗ ಬಾಗಿಲ ಹತ್ತಿರದ ಒಂದು ಟೈಲು ಎದ್ದುಬಂದಿತ್ತು.

ನಾನೀಗ ಗೋಡೆ ಮಾತ್ರ ಮಾಡುತ್ತೇನೆ. ಬಚ್ಚಲು, ಅಡಿಗೆಮನೆಯ ಗೋಡೆಗಳು. ಅದೂ ಸೊಂಟದ ಎತ್ತರದಿಂದ ಮೇಲಕ್ಕೆ. ಕೆಳಗಿನ ಮೂರು ಸಾಲು ಹಾಕಲು ಬಗ್ಗಬೇಕು, ಅದನ್ನೂ ನೆಲವನ್ನೂ ಬೇರೆಯವರು ಮೊದಲೇ ಹಾಕಿಹೋಗಿರುತ್ತಾರೆ. ಅವರ ಸಾಲು ಓರೆಯಾಗಿದ್ದರೆ ಅದರ ಮೇಲೆ ನನ್ನದನ್ನು ನೇರ ಮಾಡಿಕೊಳ್ಳಬೇಕು. ಮೊನ್ನೆ ಬಿ.ಟಿ.ಎಂ. ಲೇಔಟಿನ ಒಂದು ಮನೆಯಲ್ಲಿ ಕೆಲಸ ಮುಗಿದ ದಿನ ಮನೆಯ ಮೇಡಂ ಬಂದು ಗೋಡೆ ಮುಟ್ಟಿ ನೋಡಿ, "ತುಂಬಾ ನೀಟಾಗಿದೆ ಮೇಸ್ತ್ರಿ," ಅಂದರು. ಆಮೇಲೆ ನಲ್ಲಿ ತಿರುಗಿಸಿದರು. ನೀರು ತೂಬಿನ ಕಡೆ ಹೋಗದೆ ಬಾಗಿಲ ಮೂಲೆಯಲ್ಲಿ ಬಂದು ನಿಂತಿತು.

"ಇದ್ಯಾಕೆ ಹೀಗಾಯ್ತು?" ಅಂತ ನನ್ನನ್ನೇ ಕೇಳಿದರು.

ನೆಲ ನನ್ನದಲ್ಲ ಎಂದು ಹೇಳಿದೆ. ನಂಬಿದರೋ ಇಲ್ಲವೋ ಗೊತ್ತಾಗಲಿಲ್ಲ. ಮೊಬೈಲಿನಲ್ಲಿ ನೆಲದ ಫೋಟೋ ತೆಗೆದುಕೊಂಡು ಹೊರಗೆ ಹೋದರು. ನಾನು ಪೊರಕೆ ತೆಗೆದುಕೊಂಡು, ನಿಂತುಕೊಂಡೇ, ಆ ನೀರನ್ನು ತೂಬಿನ ಕಡೆ ಗುಡಿಸಿದೆ. ಸ್ವಲ್ಪ ಹೋಯಿತು. ಉಳಿದದ್ದು ಮತ್ತೆ ಬಾಗಿಲ ಮೂಲೆಗೇ ಬಂತು.